ಎಡಗೈಯ ಪಾಲು

ಪೈಪುಗಳ ನಡುವೆ ಕಾಸ್ಮಿರ್ ಉಸಿರು ಬಿಗಿಹಿಡಿದು ಕುಳಿತಿದ್ದ. ಕೆಳಗಿನ ಹಾಲ್‌ನಲ್ಲಿ ಬೆನ್ನಿ ಆರ್ಗನ್ ನುಡಿಸುತ್ತಿದ್ದರು. ಬಲಗೈ ಹಾಡನ್ನು ಎತ್ತಿಕೊಂಡಿತು. ಎಡಗೈ ಸೇರಬೇಕಾದ ಕ್ಷಣಕ್ಕೆ ಸರಿಯಾಗಿ ಕಾಸ್ಮಿರ್ ಮಡಿಲಿನ ಟ್ಯಾಬ್ಲೆಟ್ ಮೇಲೆ ಬೆರಳಿಟ್ಟ. ಅವನ ಭುಜದ ಬಳಿಯ ದಪ್ಪ ಪೈಪು ಗಂಭೀರವಾಗಿ ದನಿಗೂಡಿಸಿತು.

“ದೇವರೇ, ಎಷ್ಟು ಚೆಂದ!” ಕೆಳಗೆ ಬೆನ್ನಿಯ ಹೆಂಡತಿ ಮರೀನಾ ಹೇಳಿದ್ದು ಕೇಳಿಸಿತು.

ಇದು ಮೂವತ್ತೆಂಟನೆಯ ಸಂಜೆ.

ಇಂಗ್ಲೆಂಡಿನಲ್ಲಿ ಮುಚ್ಚಿಹೋದ ಯಾವುದೋ ಸಿನಿಮಾ ಥಿಯೇಟರಿನ ಆರ್ಗನ್ ಅದು. ಬೆನ್ನಿ ಕೊಂಡು ತರಿಸಿದ್ದ ಅದು ಬಿಡಿಬಿಡಿಯಾಗಿ ಕಂಟೇನರಿನಲ್ಲಿ ಬಂದು ಗಲ್ಫಿನ ಅಲ್ ಖೋರ್‌ನ ಈ ಮನೆ ಸೇರಿತ್ತು. ಪೆಟ್ಟಿಗೆಗಳನ್ನು ಬಿಚ್ಚುವ ಮೊದಲೇ ಬೆನ್ನಿಯವರಿಗೆ ಸ್ಟ್ರೋಕ್ ಆಯಿತು. ಎಡಗೈ ಬಿದ್ದುಹೋಯಿತು. ವ್ಯಾಯಾಮ ಮಾಡಿ ಎಂದರೆ ಅವರು ಗೋಡೆಯ ಕಡೆಗೆ ತಿರುಗಿ ಮಲಗುತ್ತಿದ್ದರು. ಆರ್ಗನ್ ಆದರೂ ಅವರನ್ನು ಎಬ್ಬಿಸೀತು ಎಂದು ಮರೀನಾ ಮಂಗಳೂರಿನಿಂದ ಕಾಸ್ಮಿರ್‌ನನ್ನು ಕರೆಸಿದ್ದರು. ಊರಿನ ಚರ್ಚುಗಳ ಆರ್ಗನ್‌ಗಳನ್ನೆಲ್ಲ ರಿಪೇರಿ ಮಾಡುವವನು ಅವನು.

ಪೈಪುಗಳನ್ನು ಅವನು ಮಹಡಿಯ ಎರಡು ಕೋಣೆಗಳಲ್ಲಿ ನಿಲ್ಲಿಸಿದ. ತುಕ್ಕು ಹಿಡಿದ ತಂತಿಗಳನ್ನು ಕಿತ್ತು ಹೊಸ ಸರ್ಕ್ಯೂಟ್ ಬೋರ್ಡುಗಳನ್ನು ಕೂರಿಸಿದ. ಹಿಂದೆಲ್ಲ ಶ್ರುತಿ ಮಾಡುವಾಗ ಒಬ್ಬ ಕೆಳಗೆ ಕೀಲಿ ಒತ್ತಬೇಕು, ಇನ್ನೊಬ್ಬ ಮೇಲೆ ಪೈಪು ತಿದ್ದಬೇಕು. ಈಗ ಹಾಗಿಲ್ಲ. ಪೈಪಿನ ಪಕ್ಕದಲ್ಲೇ ಕೂತು ಟ್ಯಾಬ್ಲೆಟ್‌ನಲ್ಲಿ ಸ್ವರ ಒತ್ತಿದರಾಯಿತು.

ಎಡವಟ್ಟಾದದ್ದು ಅಲ್ಲೇ. ಒಂದು ಸಂಜೆ ಅವನು ಮೇಲೆ ಮಂದ್ರದ ಪೈಪುಗಳನ್ನು ಪರೀಕ್ಷಿಸುತ್ತಿದ್ದ. ಬೆನ್ನಿ ಹಾಸಿಗೆಯಿಂದೆದ್ದು ಬಂದು, ಸತ್ತ ಎಡಗೈಯನ್ನು ಬಲಗೈಯಿಂದ ಎತ್ತಿ ಕೀಲಿಗಳ ಮೇಲೆ ಇಟ್ಟುಕೊಂಡದ್ದು ಅವನಿಗೆ ಗೊತ್ತಿರಲಿಲ್ಲ. ಅವನು ಒತ್ತಿದ. ಪೈಪು ನುಡಿಯಿತು.

“ಮರೀನಾ! ಕೇಳಿತಾ? ನನ್ನ ಎಡಗೈ!”

ನಿಜ ಹೇಳಲು ಅವನು ಓಡಿ ಇಳಿದ. ಮರೀನಾ ನೆಲದ ಮೇಲೆ ಮೊಣಕಾಲೂರಿ ಜಪಮಾಲೆಯನ್ನು ಕಣ್ಣಿಗೊತ್ತಿಕೊಂಡಿದ್ದರು. ನಾಳೆ ಹೇಳಿದರಾಯಿತು ಎಂದುಕೊಂಡ. ಮರುದಿನ ಬೆನ್ನಿ ಕ್ಷೌರ ಮಾಡಿಕೊಂಡು, ಇಸ್ತ್ರಿಯ ಅಂಗಿ ತೊಟ್ಟು ಆರ್ಗನ್ ಮುಂದೆ ಕುಳಿತರು. ಕಾಸ್ಮಿರ್ ಮೇಲೆ ಓಡಿ ಬಾಗಿಲು ಹಾಕಿಕೊಂಡ.

ಪಿಯಾನೋ ಆಗಿದ್ದರೆ ಸುಳ್ಳು ಅಂದೇ ಬಯಲಾಗುತ್ತಿತ್ತು. ಆರ್ಗನ್ನಿನ ಪೈಪು ಹಾಗಲ್ಲ. ಮೆಲ್ಲಗೆ ಒತ್ತಲಿ, ಗುದ್ದಲಿ, ದನಿ ಅಷ್ಟೇ. ಯಾರು ಒತ್ತಿದರೆಂಬುದು ಅದಕ್ಕೆ ಬೇಕಿಲ್ಲ. ಮೊನ್ನೆ ಹಾಡಿನ ಒಂದಿಡೀ ಸಾಲಿನಲ್ಲಿ ಕಾಸ್ಮಿರ್‌ನ ಬೆರಳು ತಡವರಿಸಿತ್ತು. ಬೆನ್ನಿಯಾಗಲಿ ಮರೀನಾ ಆಗಲಿ ಗಮನಿಸಲಿಲ್ಲ.

ಆದರೆ ನಾಳೆ ಅವನ ವೀಸಾ ಮುಗಿಯುತ್ತದೆ. ಬೆಳಿಗ್ಗೆಯೇ ವಿಮಾನ. ಅಷ್ಟರಲ್ಲಿ ಇಂದು ಚಹಾದ ಹೊತ್ತಿಗೆ ಮರೀನಾ ಇನ್ನೊಂದು ಸುದ್ದಿ ಹೇಳಿದ್ದರು.

“ಫಾದರ್‌ಗೆ ಫೋನ್ ಮಾಡಿಯಾಯಿತು ಕಾಸ್ಮಿರ್. ಶುಕ್ರವಾರ ಚರ್ಚಿನ ಬಲಿಪೂಜೆಗೆ ಇವರೇ ನುಡಿಸುವುದು.”

ಚರ್ಚಿನಲ್ಲಿರುವುದು ಕರೆಂಟಿನ ಸಣ್ಣ ಆರ್ಗನ್. ಅದರ ಹಿಂದೆ ಅಡಗಿ ಕೂರಲು ಕೋಣೆಯಿಲ್ಲ. ಕಾಸ್ಮಿರ್ ಚಹಾದ ಕಪ್ಪು ಕೆಳಗಿಟ್ಟ.

“ಇಷ್ಟು ಬೇಗ ಬೇಡವಾ ಅಂತ, ಬೆನ್ನಿಯಣ್ಣ...”

“ಎಂತ ಬೇಗ ಮಾರಾಯಾ? ನಾನು ಕೂತ ಕೂಡಲೇ ನೀನು ಮೇಲೆ ಓಡುತ್ತೀಯಲ್ಲ, ಅಷ್ಟು ಕೆಟ್ಟದಾ ನನ್ನ ಕೈ?”

“ಪೈಪು ನೋಡಬೇಕಲ್ಲ. ಸೆಕೆಗೆ ಶ್ರುತಿ ಬದಲಾಗುತ್ತದೆ.”

“ಎಸಿ ಇಪ್ಪತ್ತೆರಡರಲ್ಲೇ ಉಂಟು. ಬೆವರುವುದು ನೀನು!” ಬೆನ್ನಿ ಗಟ್ಟಿಯಾಗಿ ನಕ್ಕರು.

“ಇವತ್ತು ಅಂಗಿಯ ಗುಂಡಿ ತಾವೇ ಹಾಕಿಕೊಂಡರು, ಗೊತ್ತಾ?” ಎಂದರು ಮರೀನಾ.

ಕಾಸ್ಮಿರ್ ನೋಡಿದ. ಒಂದು ಗುಂಡಿ ತಪ್ಪು ಕಾಜದಲ್ಲಿತ್ತು. ಪಾಪ, ಒಂದೇ ಕೈಯಲ್ಲಿ ಒದ್ದಾಡಿರಬೇಕು.

ಮರೀನಾ ಒಬ್ಬರೇ ಸಿಕ್ಕಲಿ ಎಂದು ಅವನು ಅಡುಗೆಮನೆಗೆ ಹೋದ.

“ಅಕ್ಕ, ಒಂದು ಮಾತು ಹೇಳಬೇಕಿತ್ತು.”

ಅವರು ಕಪ್ಪು ತೊಳೆಯುತ್ತ ತಿರುಗಿದರು. “ಎಂಟು ತಿಂಗಳು ಈ ಮನೆಯಲ್ಲಿ ನಗು ಕೇಳಿರಲಿಲ್ಲ ಕಾಸ್ಮಿರ್. ನೀನು ಬಂದೆ. ಹೇಳು, ಎಂತ?”

“ಚಹಾಕ್ಕೆ ಸಕ್ಕರೆ ಸ್ವಲ್ಪ ಕಡಿಮೆ ಇತ್ತು. ಅಷ್ಟೇ.”

ಈಗ ಕೆಳಗೆ ಹಾಡು ಎರಡನೆಯ ಚರಣ ದಾಟುತ್ತಿತ್ತು. ಶುಕ್ರವಾರ ತುಂಬಿದ ಚರ್ಚಿನಲ್ಲಿ ಆ ಎಡಗೈ ಮೂಕವಾಗಿ ಬಿದ್ದಿರುವುದನ್ನು ಕಾಸ್ಮಿರ್ ಕಲ್ಪಿಸಿಕೊಂಡ. ಪೀಠದ ಮುಂದೆ, ಬಂಧುಬಳಗದ ಮುಂದೆ. ಆಮೇಲೆ ಬೆನ್ನಿ ಮತ್ತೆ ಗೋಡೆಗೆ ಮುಖ ಮಾಡಿದರೆ ಯಾವ ವಾದ್ಯವೂ ಅವರನ್ನು ಎಬ್ಬಿಸಲಾರದು. ಗೊತ್ತಾಗುವುದಿದ್ದರೆ ಇಂದೇ, ಇಲ್ಲೇ, ಮರೀನಾ ಒಬ್ಬರ ಎದುರಿಗೆ ಗೊತ್ತಾಗಲಿ. ಬಾಯಿಂದ ಹೇಳಲು ಅವನಿಂದಾಗದು. ಮೌನವೇ ಹೇಳಲಿ.

ಮೂರನೆಯ ಚರಣ ಶುರುವಾಗುತ್ತಿದ್ದಂತೆ ಕಾಸ್ಮಿರ್ ಬೆರಳೆತ್ತಿದ. ಟ್ಯಾಬ್ಲೆಟ್ ಆರಿಸಿ ನೆಲದ ಮೇಲಿಟ್ಟ. “ಕ್ಷಮಿಸು ಸ್ವಾಮಿ,” ಎಂದು ಕಣ್ಣು ಮುಚ್ಚಿ ಕಾದ.

ಅವನ ಸುತ್ತ ಎಡಗೈಯ ಪೈಪುಗಳು, ಒಂದು ಸ್ವರವನ್ನೂ ಬಿಡದೆ, ನುಡಿಯುತ್ತಲೇ ಇದ್ದವು.