ಮಲ್ಲಣ್ಣನ ವಿಮಾನ

ಔಡಲೆಣ್ಣೆಯ ವಾಸನೆ ಬಂದರೆ ಇವತ್ತಿಗೂ ನನಗೆ ಆ ಪಂಖಾದ ಸಪ್ಪಳ ಕೇಳಿಸುತ್ತದೆ.

ಯುದ್ಧದ ಕಾಲ. ಘಟಪ್ರಭಾದಲ್ಲಿ ನಮ್ಮ ಕಾಕಾ ಓಣಿಯ ಮಕ್ಕಳನ್ನು ಕೂಡಿಸಿ ಆಟದ ವಿಮಾನ ಹಾರಿಸುವ ಕ್ಲಬ್ಬು ನಡೆಸುತ್ತಿದ್ದ. ಬಿದಿರಿನ ಕಡ್ಡಿ, ಗಾಳಿಪಟದ ಹಾಳೆ, ಮೂತಿಗೊಂದು ಪಂಖಾ. ಪಂಖಾ ತಿರುವಿದರೆ ಹೊಟ್ಟೆಯೊಳಗಿನ ರಬ್ಬರ್ ಪಟ್ಟಿ ಹುರಿಗೊಳ್ಳುತ್ತಿತ್ತು. ಹಾರಿಸುವತನಕ ಅದು ಬಿಚ್ಚದಂತೆ ಪಂಖಾಕ್ಕೆ ನೂಲು ಸುತ್ತುತ್ತಿದ್ದೆವು. ಪಟ್ಟಿ ಒಣಗಬಾರದೆಂದು ಔಡಲೆಣ್ಣೆ ಸವರುತ್ತಿದ್ದೆವು. ಆಟ ಮುಗಿದ ಮೇಲೆ ಎಲ್ಲ ವಿಮಾನಗಳೂ ಪಡಸಾಲೆಯ ತೊಲೆಗೆ ತೂಗುತ್ತಿದ್ದವು.

ಅವುಗಳಲ್ಲಿ ಮಲ್ಲಣ್ಣನದೂ ಒಂದಿತ್ತು. ಮಲ್ಲಣ್ಣ ಕಾಕಾನ ಮಗ. ದಂಡಿಗೆ ಹೋದವನಿಂದ ವರ್ಷವಾದರೂ ಕಾಗದ ಬಂದಿರಲಿಲ್ಲ. "ಅಂವ ಬಂದು ಹಾರಸ್ತಾನ. ಯಾರೂ ಮುಟ್ಟಬ್ಯಾಡ್ರಿ," ಅಂದಿದ್ದ ಕಾಕಾ.

ಒಂದು ಮಧ್ಯಾಹ್ನ, ಎಲೆ ಸೈತ ಅಲ್ಲಾಡದ ಬಿಸಿಲಿನಲ್ಲಿ, ಆ ವಿಮಾನದ ಪಂಖಾ ತನ್ನಷ್ಟಕ್ಕೆ ತಾನೇ ಭರ್ರನೆ ತಿರುಗಿತು. ತೊಲೆಯ ಕೆಳಗೆ ವಿಮಾನ ಒಂದು ಸುತ್ತು ಹೊಡೆಯಿತು. ಪಂಖಾಕ್ಕೆ ಸುತ್ತಿದ್ದ ನೂಲು ಹರಿದು ನೆಲಕ್ಕೆ ಬಿತ್ತು.

"ಯಾರ ತಿರುವಿದ್ರಲೇ ಇದನ್ನ?"

ಕಾಕಾ ನಮ್ಮೆಲ್ಲರ ಕೈ ಹಿಡಿದು ಮೂಸಿ ನೋಡಿದ. ಅವತ್ತು ನಾವಿನ್ನೂ ಎಣ್ಣೆ ಮುಟ್ಟಿರಲಿಲ್ಲ. ಅವನ ಮುಖ ಬಿಳಿಚಿತು. ತೊಲೆಯತ್ತ ಕತ್ತೆತ್ತಿ ಮೆಲ್ಲಗೆ ಕೇಳಿದ: "ಮಲ್ಲೂ... ಬಂದೀ ಏನಪಾ?"



ಆಗ ಕಾಕಿ ಅಡಿಗೆಮನೆಯಿಂದ ಬಂದು ನಮ್ಮ ಅಂಗೈಗೆ ಒಂದೊಂದು ಮುಷ್ಟಿ ಚುರಮುರಿ ಹಾಕಿದಳು. ತೊಲೆಯ ಕಡೆ ನೋಡಲೇ ಇಲ್ಲ. ನಾನು ಚುರಮುರಿ ಬಾಯಿಗೆ ಒಯ್ದೆ. ಔಡಲೆಣ್ಣೆ ನಾರಿತು.

ಕಾಕಾ ಇನ್ನೂ ಮೇಲೆ ನೋಡುತ್ತಲೇ ಇದ್ದ. ನಾನು ಸುಮ್ಮನೆ ನುಂಗಿದೆ.