ಹೆದರಿದ ಹತ್ತು ಮಂದಿ

ಆನೆ ಕಂಡದ್ದೇ ತಡ, ಅಮಲ್ ವಿನೋದಾ ಟೀಚರ ಕೈ ಬಿಟ್ಟು ಓಡಿದ. ನೆರಿಯ ಊರಿನ ರಬ್ಬರ್ ತೋಟದ ನಡುವಿನ ಮಣ್ಣು ರಸ್ತೆ, ಬೆಳಿಗ್ಗೆ ಒಂಬತ್ತು ಗಂಟೆ. ಕಾಯಿಲೆ ಬಿದ್ದವರೊಬ್ಬರ ಮನೆಯಲ್ಲಿ ಪ್ರಾರ್ಥನೆ ಮುಗಿಸಿ ಇಬ್ಬರೂ ಮರಳುತ್ತಿದ್ದರು. ನಿವೃತ್ತರಾಗಿ ಹತ್ತು ವರ್ಷವಾದ ಟೀಚರಿಗೆ ಮೊಣಗಂಟು ನೋವು. ಬಾಡಿಗೆ ಪಿಕಪ್ ಓಡಿಸಿ ಜೀವನ ಮಾಡುವ ಮೂವತ್ತರ ಅಮಲ್ ಅವರ ಕೈ ಹಿಡಿದು ನಡೆಸುತ್ತಿದ್ದ. ತಿರುವಿನಲ್ಲಿ ಕಪ್ಪಗೆ ಏನೋ ಕದಲಿತು, ಕಿವಿ ಬೀಸಿತು. ಅಷ್ಟೇ. ದೂರದ ಮೋರಿಯ ಹತ್ತಿರ ಏದುಸಿರು ಬಿಡುತ್ತ ನಿಂತಾಗಲೇ ಅವನಿಗೆ ತಿಳಿದದ್ದು, ಟೀಚರ ಚೀಲ ತನ್ನ ಹೆಗಲಲ್ಲಿದೆ, ಟೀಚರ್ ಜೊತೆಯಲ್ಲಿಲ್ಲ.

ಹಿಂದಕ್ಕೆ ಹೋಗಲು ಕಾಲು ಬರಲಿಲ್ಲ. ಪಕ್ಕದಲ್ಲೇ ಇದ್ದ ಗುರುವಪ್ಪನ ಅಂಗಳಕ್ಕೆ ನುಗ್ಗಿ ಕೂಗಿಕೊಂಡ. ಗುರುವಪ್ಪ ಪಟಾಕಿ ಹಿಡಿದು ಹೊರಟ, ಅಕ್ಕಪಕ್ಕದ ನಾಲ್ಕು ಮಂದಿ ಡಬ್ಬ ಬಡಿಯುತ್ತ ಅವನ ಹಿಂದೆ. ಎಲ್ಲರಿಗಿಂತ ಹಿಂದೆ ಅಮಲ್. ಇವರು ಮುಟ್ಟುವಷ್ಟರಲ್ಲಿ ಆನೆ ಹೊಳೆಯ ಕಡೆಗೆ ಇಳಿದಾಗಿತ್ತು. ಟೀಚರ್ ರಸ್ತೆ ಬದಿಯ ಚರಂಡಿಯಲ್ಲಿ, ಸೀರೆಯೆಲ್ಲ ಕೆಸರು ಮಾಡಿಕೊಂಡು, ಕುಳಿತಿದ್ದರು.

“ನಿಮ್ಮನ್ನು ಒಬ್ಬರನ್ನೇ ಬಿಟ್ಟು ಇವ ಎಂತಕ್ಕೆ ಓಡಿ ಬಂದದ್ದು?” ಗುರುವಪ್ಪ ಕೇಳಿದ.

ಟೀಚರ್ ಒಮ್ಮೆ ಅಮಲ್‌ನ ಮುಖ ನೋಡಿದರು. “ನಾನೇ ಕಳಿಸಿದ್ದು. ಓಡು, ಜನ ಕರಕೊಂಡು ಬಾ ಅಂತ ಹೇಳಿದೆ. ಪಾಪ, ಬಿಟ್ಟು ಹೋಗ್ಲಿಕ್ಕೆ ಅವನಿಗೆ ಮನಸ್ಸೇ ಇರ್ಲಿಲ್ಲ.”

ಎರಡು ದಿನದಲ್ಲಿ ಸುದ್ದಿ ಊರಿಡೀ ಆಯಿತು. ಟೀಚರ ಪ್ರಾರ್ಥನೆಗೆ ಆನೆ ತಿರುಗಿ ಹೋಯಿತಂತೆ, ಅಮಲ್ ಜೀವ ಒತ್ತೆಯಿಟ್ಟು ಜನ ಕರೆತಂದನಂತೆ. ಶನಿವಾರ ಪಾದ್ರಿಯವರೇ ಅಮಲ್‌ಗೆ ಫೋನ್ ಮಾಡಿದರು. “ನಾಳೆ ಚರ್ಚಿನಲ್ಲಿ ಎಲ್ಲರ ಎದುರು ನಿಂತು, ದೇವರು ಕಾಪಾಡಿದ್ದಕ್ಕೆ ಸಾಕ್ಷಿ ಹೇಳು. ಸಂಡೇ ಸ್ಕೂಲಿನಲ್ಲಿ ಈ ವಾರ ನೀನು ಮಾಡುವುದೂ ಕಾನಾನ್ ದೇಶ ನೋಡ್ಲಿಕ್ಕೆ ಹೋದ ಹನ್ನೆರಡು ಮಂದಿಯ ಪಾಠ ಅಲ್ಲವಾ? ಸರಿಯಾಗಿ ಕೂಡಿಬಂತು.”

ಆ ಪಾಠ ಅಮಲ್‌ಗೆ ಬಾಯಿಪಾಠ. ದೇವರು ಕೊಡುತ್ತೇನೆಂದ ದೇಶವನ್ನು ನೋಡಿ ಬರಲು ಮೋಶೆ ಹನ್ನೆರಡು ಮಂದಿಯನ್ನು ಕಳಿಸಿದ. ಹತ್ತು ಮಂದಿ ಹೆದರಿ ಬಂದು, ಅಲ್ಲಿರುವವರು ದೈತ್ಯರು, ಅವರ ಮುಂದೆ ನಾವು ಮಿಡತೆಗಳು ಎಂದರು. ದೇವರು ಜೊತೆಗಿದ್ದಾನೆ, ಹೋಗೋಣ ಎಂದವರು ಕಾಲೇಬ, ಯೆಹೋಶುವ ಇಬ್ಬರೇ. ಪ್ರತಿ ವರ್ಷ ಅಮಲ್ ಆ ಹತ್ತು ಮಂದಿಯಾಗಿ ಮಿಡತೆಯ ಹಾಗೆ ಕುಪ್ಪಳಿಸಿ ತೋರಿಸಿ ಮಕ್ಕಳನ್ನು ನಗಿಸುತ್ತಿದ್ದ. ಈ ಶನಿವಾರ ಪುಸ್ತಕ ತೆರೆದು ಕುಳಿತರೆ ನಗುವ ಜಾಗವೇ ಸಿಗಲಿಲ್ಲ. ಅವರೂ ನಲವತ್ತು ದಿನ ಆ ದೇಶದಲ್ಲಿ ನಡೆದವರೇ ಅಲ್ಲವೇ, ಅವರಿಗೂ ಮನೆಯಲ್ಲಿ ಮಕ್ಕಳಿದ್ದಿರಬೇಕು ಎಂದು ಮೊದಲ ಸಲ ಅನಿಸಿತು.

ಭಾನುವಾರ ಚರ್ಚು ತುಂಬಿತ್ತು. ಅಮಲ್ ಎದ್ದು ಮುಂದೆ ಬಂದ.

“ಟೀಚರ್ ನನ್ನನ್ನು ಕಳಿಸಿದ್ದಲ್ಲ,” ಎಂದ. “ನಾನು ಅವರ ಕೈ ಬಿಟ್ಟು ಓಡಿದ್ದು. ಜನ ಕರೀಬೇಕು ಅಂತ ನೆನಪಾದದ್ದು ಆಮೇಲೆ. ಹೆದರಿದ ಆ ಹತ್ತು ಮಂದಿಯನ್ನು ಇಷ್ಟು ವರ್ಷ ತಮಾಷೆ ಮಾಡಿದ್ದೇನೆ. ಇನ್ನು ಮಾಡುವುದಿಲ್ಲ.”

ಹೆಂಗಸರ ಸಾಲಿನಲ್ಲಿ ಅವನ ಹೆಂಡತಿ ತಲೆ ತಗ್ಗಿಸಿದಳು. ಯಾರೋ ಕೆಮ್ಮಿದರು. ಆಗ ವಿನೋದಾ ಟೀಚರ್ ಬೆಂಚು ಹಿಡಿದು ಮೆಲ್ಲಗೆ ಎದ್ದರು.

“ಹಾಗಾದ್ರೆ ನಂದೂ ಸ್ವಲ್ಪ ಹೇಳ್ಲಿಕ್ಕೆ ಉಂಟು. ಅವ ಸಣ್ಣವನಾಗಬಾರದು ಅಂತ ಸುಳ್ಳು ಹೇಳಿದವಳು ನಾನು. ಮತ್ತೆ ಈ ಪ್ರಾರ್ಥನೆಯ ಕಥೆ ಯಾರು ಕಟ್ಟಿದ್ದೋ, ಅದೂ ಸುಳ್ಳು. ಆಗ ನನಗೆ ದೇವರ ಹೆಸರೇ ಬಾಯಿಗೆ ಬರ್ಲಿಲ್ಲ. ಮೊಣಗಂಟು ಸರಿ ಇದ್ದಿದ್ರೆ ಇವನಿಗಿಂತ ಮುಂದೆ ನಾನು ಓಡ್ತಿದ್ದೆ.”

ಹಿಂದಿನ ಸಾಲಿನಲ್ಲಿ ಒಬ್ಬರು ನಕ್ಕು, ಕೂಡಲೇ ಬಾಯಿ ಮುಚ್ಚಿಕೊಂಡರು. ಪಾದ್ರಿಯವರು ಕನ್ನಡಕ ತೆಗೆದು ಒರೆಸಿದರು.

ಆರಾಧನೆ ಮುಗಿದ ಮೇಲೆ ಕೆಲವರು ಅಮಲ್‌ನನ್ನು ಮಾತಾಡಿಸದೆ ದಾಟಿಹೋದರು. “ನೀನು ಬಾಯಿ ಮುಚ್ಚಿಕೊಂಡು ಇದ್ದಿದ್ರೆ ಆಗ್ತಿತ್ತು ಮಾರಾಯ,” ಎಂದ ಗೆಳೆಯನೊಬ್ಬ. ಸಭೆಯ ಹಿರಿಯರೊಬ್ಬರು ಜೀಪಿನ ಬಾಗಿಲು ತೆರೆದು ಕರೆದರು. “ಬನ್ನಿ ಟೀಚರ್, ಕಾಯಿಲೆಯವರ ಮನೆಗೆ ಹೋಗುವುದಾದರೆ ನಾನೇ ಬಿಡ್ತೇನೆ. ಇನ್ನು ಇವನನ್ನು ನಂಬಿ ಹೋಗಬೇಡಿ.”

“ಇವ ಓಡುವವ ಅಂತ ಗೊತ್ತಾಗಿದೆ,” ಎಂದರು ಟೀಚರ್. “ನಿಮ್ಮದು ಇನ್ನೂ ಗೊತ್ತಾಗಲಿಲ್ಲ.” ಅಮಲ್ ನಿಂತಲ್ಲಿಗೆ ಬಂದು ಚೀಲವನ್ನು ಅವನ ಹೆಗಲಿಗೇರಿಸಿದರು.

ಇಬ್ಬರೂ ರಬ್ಬರ್ ತೋಟದ ದಾರಿ ಹಿಡಿದರು. ಆನೆ ಕಂಡಿದ್ದ ತಿರುವು ಹತ್ತಿರವಾಯಿತು. ಅಮಲ್ ಮೆಲ್ಲಗೆ ಕೇಳಿದ, “ಇವತ್ತೂ ಆನೆ ಬಂದ್ರೆ ಎಂತ ಮಾಡುವುದು ಟೀಚರೇ?”

“ಎಂತ ಮಾಡುವುದು,” ಎಂದರು ಟೀಚರ್, “ಒಟ್ಟಿಗೆ ಹೆದರುವ.”