ಒಣಗದ ನೀಲಿ

“ಪಾಷಾಣ!” ಎಂದು ಕೂಗಿದ ಕಾನ್‌ಸ್ಟೇಬಲ್ ಕ್ರಾಗ್, ತಗಡಿನ ಡಬ್ಬಿಯೊಂದನ್ನು ಎತ್ತಿ ಹಿಡಿದು. “ನೋಡಿದ್ರಾ ಧಣಿ? ನಾ ಹೇಳಿರಲಿಲ್ವಾ?”

ಬಾಗಿಲಲ್ಲೇ ನಿಂತಿದ್ದ ಜಮೀನ್ದಾರ ಸರ್ ಜೊಸೆಲಿನ್ ಮೂಗಿಗೆ ಕರವಸ್ತ್ರ ಒತ್ತಿಕೊಂಡರು. ಕೋಣೆ ನಾರುತ್ತಿತ್ತು. ಕಿಟಕಿಯ ಬಳಿ ಹಲಗೆಯ ಮೇಲೆ ಸತ್ತ ಕೊಕ್ಕರೆಯೊಂದನ್ನು ತಂತಿ ಬಿಗಿದು ನಿಲ್ಲಿಸಲಾಗಿತ್ತು. ಇನ್ನೇನು ಮೀನು ಹಿಡಿಯುತ್ತದೆ ಎನ್ನುವ ಹಾಗೆ. ಮೂಲೆಯಲ್ಲಿ ಬಂದೂಕು. ಮೇಜಿನ ಮೇಲೆ ಕತ್ತರಿ, ಚಿಮಟ, ಬಣ್ಣದ ಬಿಲ್ಲೆಗಳು.

“ಚರ್ಮ ಕೆಡದ ಹಾಗೆ ಬಳಿಯೋಕಂತೆ ಪಾಷಾಣ,” ಎಂದಳು ಮನೆಯೊಡತಿ ಮಿಸೆಸ್ ಪಿಂಚಿನ್. “ಪ್ರಕೃತಿ ಚಿತ್ರಕಾರ ಅಂತ ಹೇಳಿ ಬಾಡಿಗೆಗೆ ಬಂದ. ಮೊದಲು ಹೊಡೀತಾನೆ, ಆಮೇಲೆ ಬರೀತಾನೆ. ನನ್ನ ಬೆಕ್ಕನ್ನ ನಾನು ಒಳಗೇ ಕೂಡಿ ಹಾಕಿದ್ದೀನಿ, ಸ್ವಾಮಿ.”

ಸರ್ ಜೊಸೆಲಿನ್ನರ ನವಿಲು ಕಾಣೆಯಾಗಿತ್ತು. ತೀರಿಹೋದ ಹೆಂಡತಿ ಮರಿಯಿಂದ ಸಾಕಿದ ಹಕ್ಕಿ. ಬಲಗಡೆ ಬಾಗಿದ ಅದರ ಜುಟ್ಟನ್ನು ಆಕೆ ದಿನವೂ ಸವರುತ್ತಿದ್ದಳು. ಶನಿವಾರದೊಳಗೆ ಕಳ್ಳ ಸಿಗದಿದ್ದರೆ ನಿನ್ನ ಮೈಮೇಲಿನ ಕೋಟು ನನ್ನ ಗೋಧಿ ಹೊಲದ ಬೆದರುಬೊಂಬೆಗೆ ಎಂದು ಅವರು ಕ್ರಾಗ್‌ಗೆ ನೇರವಾಗಿಯೇ ಹೇಳಿದ್ದರು. ಇವತ್ತು ಶನಿವಾರ. ಕ್ರಾಗ್‌ಗೆ ಕಳ್ಳನೊಬ್ಬ ಬೇಕೇ ಬೇಕಾಗಿತ್ತು.

“ಆ ಹಕ್ಕಿ ಊರ ಮನೆಗಳ ಮಾಡುಗಳನ್ನೆಲ್ಲ ಸುತ್ತಿ ಕೂಗೋದು,” ಎಂದಳು ಮಿಸೆಸ್ ಪಿಂಚಿನ್. ಕತ್ತು ಉದ್ದ ಮಾಡಿ “ಮ್ಯಾ...ಓಂ!” ಎಂದು ಎಷ್ಟು ಚೆನ್ನಾಗಿ ಅರಚಿದಳೆಂದರೆ ಜಮೀನ್ದಾರರು ಕಿಟಕಿಯ ಕಡೆ ತಿರುಗಿಬಿಟ್ಟರು. ಕ್ರಾಗ್ ಕಿವಿ ಮುಚ್ಚಿಕೊಂಡ. “ಪಾಪ, ಕಾನ್‌ಸ್ಟೇಬಲ್ಲರು ರಾತ್ರಿ ಗಸ್ತು ಮುಗಿಸಿ ಬಂದು ಕಣ್ಣು ಮುಚ್ಚೋ ಹೊತ್ತಿಗೇ ಶುರುವಾಗೋದು. ಈಗ ಊರೇ ಬಿಕೋ ಅಂತಿದೆ.”

“ಸತ್ತ ಹಕ್ಕೀನ ಅಣಕಿಸಬಾರದು, ಅಮ್ಮಾ,” ಎಂದ ಕ್ರಾಗ್.

“ಸತ್ತಿದೆ ಅಂತ ಯಾರು ಹೇಳಿದ್ರು?” ಜಮೀನ್ದಾರರ ದನಿ ಗಡುಸಾಯಿತು.

ಕ್ರಾಗ್ ಕೊಕ್ಕರೆಯ ಕಡೆ ಗದ್ದ ತೋರಿಸಿದ. “ಇಂಥವನ ಕೈಗೆ ಸಿಕ್ಕಿದ್ದು ಬದುಕಿರುತ್ತಾ, ಧಣಿ?”

ಅಷ್ಟರಲ್ಲಿ ಮೆಟ್ಟಿಲು ಕಿರುಗುಟ್ಟಿತು. ಚಿತ್ರಕಾರ ವಿಟ್ಲೋ ನೀರಿನ ಲೋಟ ಹಿಡಿದು ಒಳಗೆ ಬಂದ. ಮಂಡಿಯವರೆಗೆ ಹಸಿ ಮಣ್ಣು. ಬೆರಳ ತುದಿಗಳೆಲ್ಲ ನೀಲಿ. ಕುಂಚವನ್ನು ಬಾಯಲ್ಲಿಟ್ಟು ಚೂಪು ಮಾಡುವ ಅಭ್ಯಾಸದವನಾದ್ದರಿಂದ ತುಟಿಯೂ ನೀಲಿ.

“ಅಯ್ಯೋ ದೇವರೇ, ಹಸಿಹಸಿಯಾಗೇ ತಿಂದಿದ್ದಾನೆ!” ಎಂದಳು ಮಿಸೆಸ್ ಪಿಂಚಿನ್.

“ನವಿಲು ಎಲ್ಲಿ?” ಕ್ರಾಗ್ ಗುಡುಗಿದ.

“ನವಿಲಾ?” ವಿಟ್ಲೋ ಕಣ್ಣು ಪಿಳಿಪಿಳಿ ಬಿಟ್ಟ. “ಅದು ನಿಮ್ಮ...”

“ನಮ್ಮ ಧಣಿಗಳದ್ದೇ ಕಣಯ್ಯ! ಬಾಯಿ ಮುಚ್ಚು. ಕೇಳಿದಾಗ ಮಾತಾಡು.”

“ಕೇಳಿದ್ರಲ್ಲಾ.”

“ಮುಚ್ಚು ಅಂದೆ!”

ಕ್ರಾಗ್ ಚಿತ್ರಗಳನ್ನು ಒಂದೊಂದಾಗಿ ಎಳೆದು ಹಾಸಿಗೆಯ ಮೇಲೆ ಎಸೆದ. ನೀರುನಾಯಿ, ಕಪ್ಪೆ, ಒಂದು ಕಾಲು ಊನವಾದ ಇಲಿ. ಸರ್ ಜೊಸೆಲಿನ್ ಬಗ್ಗಿ ನೋಡಿದರು. “ಇದರ ಒಂದು ಕಿವಿ ಹರಿದಿದೆಯಲ್ಲ?”

“ಹರಿದಿತ್ತು, ಬರೆದೆ,” ಎಂದ ವಿಟ್ಲೋ. “ಇದ್ದದ್ದನ್ನ ಬಿಡೋದಿಲ್ಲ, ಇಲ್ಲದ್ದನ್ನ ಸೇರಿಸೋದಿಲ್ಲ. ನಮ್ಮ ಕಸುಬಲ್ಲಿ ಅದೊಂದೇ ಮರ್ಯಾದೆ.”

ಹಾಳೆಗಳಲ್ಲೆಲ್ಲೂ ನವಿಲಿರಲಿಲ್ಲ. ಕ್ರಾಗ್‌ನ ಹಣೆ ಬೆವರಿತು. ಬೆದರುಬೊಂಬೆ ತನ್ನ ಕೋಟು ತೊಟ್ಟು ಕೈ ಚಾಚಿ ನಿಂತಂತಾಯಿತು. ಆಗ ಗೋಡೆಗೆ ಒರಗಿಸಿದ್ದ, ಮೇಲೆ ಬಟ್ಟೆ ಹೊದಿಸಿದ್ದ ಹಲಗೆ ಅವನ ಕಣ್ಣಿಗೆ ಬಿತ್ತು.

“ಅದನ್ನ ಮುಟ್ಟಬೇಡಿ!” ವಿಟ್ಲೋ ಅಡ್ಡ ಬಂದ. “ಈಗಷ್ಟೇ ಕೊನೆ ಲೇಪ ಕೊಟ್ಟಿದ್ದೀನಿ. ಹೊಳಪಿಗೆ ಗೋಂದು ಬೆರೆಸಿದೆ. ಇನ್ನೂ ಒಣಗಿಲ್ಲ.”

“ಹಾ! ಅಡಗಿಸ್ತಾ ಇದ್ದಾನೆ! ಧಣಿ, ತಾವೇ ಸಾಕ್ಷಿ.”

“ಬೇಡ ಅಂದ್ರೆ ಬೇಡ, ಕಾನ್‌ಸ್ಟೇಬಲ್ಲರೇ. ನಿಮಗಾಗಿಯೇ ಹೇಳ್ತಿದ್ದೀನಿ. ಕೈಗೆ ಬಣ್ಣ ಹತ್ತುತ್ತೆ.”

ಕ್ರಾಗ್ ಬಟ್ಟೆ ಕಿತ್ತೆಸೆದ.

ಹಾಳೆಯ ಮೇಲೆ ಎರಡು ದುಂಬಿಗಳಿದ್ದವು. ಕಪ್ಪು ಬೆನ್ನು, ಕಿತ್ತಳೆ ಪಟ್ಟೆ. ಸತ್ತ ಪ್ರಾಣಿ ಎಲ್ಲಿದೆಯೋ ಅಲ್ಲಿಗೆ ಹಾರಿ ಬಂದು ಅದನ್ನು ಮಣ್ಣಿಗೆ ಎಳೆಯುವ ಜಾತಿ. ಕಾಲಿನ ಒಂದೊಂದು ರೋಮವೂ ಎಣಿಸುವಂತಿತ್ತು. ಅವು ಹತ್ತಿ ಕುಳಿತಿದ್ದದ್ದು ಒಂದು ಕತ್ತಿನ ಮೇಲೆ. ಸಡಿಲ ಮಣ್ಣಿನಿಂದ ಹೊರಗೆ ಚಾಚಿ, ನಡುವೆ ತಿರುಚಿಕೊಂಡು ಮುರಿದಿದ್ದ ಕತ್ತು. ಒದ್ದೆಯಾಗಿ ಹೊಳೆಯುವ ನೀಲಿ. ತುದಿಯಲ್ಲಿ ಬಲಗಡೆ ಬಾಗಿದ ಜುಟ್ಟು.

“ಸಿಕ್ಕಿಬಿದ್ದ!” ಮಿಸೆಸ್ ಪಿಂಚಿನ್ ಚಪ್ಪಾಳೆ ತಟ್ಟಿದಳು. “ಹಾಕಿ ಕೋಳ, ಕಾನ್‌ಸ್ಟೇಬಲ್ಲರೇ!”

ಕ್ರಾಗ್ ಕೋಳ ತೆಗೆಯಲಿಲ್ಲ. ಅವನ ಕಣ್ಣು ಚಿತ್ರದ ಮೂಲೆಯಲ್ಲಿ ನೆಟ್ಟಿತ್ತು. ಅಲ್ಲಿ, ಇದ್ದದ್ದನ್ನು ಬಿಡದ ಚಿತ್ರಕಾರ, ನೆಲ್ಲಿ ಪೊದೆಯ ಬುಡವನ್ನೂ ಹಿಡಿ ಮುರಿದ ಸನಿಕೆಯೊಂದನ್ನೂ ಬರೆದಿದ್ದ.

ಸರ್ ಜೊಸೆಲಿನ್ ಮೆಲ್ಲಗೆ ಜುಟ್ಟನ್ನು ಮುಟ್ಟಿದರು. ಬೆರಳಿಗೆ ನೀಲಿ ಹತ್ತಿತು. “ಇದನ್ನ ಎಲ್ಲಿ ಕಂಡೆ?”

ವಿಟ್ಲೋ ಸಂಕೋಚದಿಂದ ಕ್ರಾಗ್‌ನ ಕಡೆ ತಿರುಗಿದ.

“ಬೆಳಿಗ್ಗೆ ಈ ದುಂಬಿಗಳ ಬೆನ್ನು ಹತ್ತಿ ನಿಮ್ಮ ಬೇಲಿ ಹಾರಿ ಬಂದದ್ದು ತಪ್ಪೇ, ಕಾನ್‌ಸ್ಟೇಬಲ್ಲರೇ, ಕದ ತಟ್ಟಿದೆ, ಒಳ್ಳೆ ಗೊರಕೆ ಕೇಳಿಸ್ತು, ಎಬ್ಬಿಸೋಕೆ ಮನಸ್ಸಾಗಲಿಲ್ಲ, ಇನ್ನು ನವಿಲಿನ ವಿಷಯ ನಾನ್ಯಾಕೆ ಹೇಳಲಿ, ನಿಮ್ಮ ಹಿತ್ತಲಲ್ಲೇ, ನಿಮ್ಮ ಸನಿಕೆ ಪಕ್ಕದಲ್ಲೇ ಹೂತಿರೋದು ನಿಮಗೆ ಗೊತ್ತಿಲ್ದೇ ಇರುತ್ತಾ ಅಂದ್ಕೊಂಡೆ.”